ಇನ್ನಷ್ಟು ಬಾವಿ ಕೊರೆದರೆ ಸಾಲದೇ?

ಓದುಗರೊಬ್ಬರ ಪತ್ರ: "ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಹೆಚ್ಚಿನ ಪಾಲು ಹೊರಗಿನಿಂದ ಬರುತ್ತಿದೆ. ಕೊರೆಯುವ ಯಂತ್ರಗಳಂತೂ ಇವೆ. ಇನ್ನಷ್ಟು ಬಾವಿ ಕೊರೆಯುವುದು ಬಿಟ್ಟು ಭೂವಿಜ್ಞಾನಿಗಳ ಅಧ್ಯಯನಕ್ಕೆ ಅಷ್ಟು ವರ್ಷ, ಅಷ್ಟು ಹಣ ಯಾಕೆ?"

ಸಂಪಾದಕರ ಉತ್ತರ: ನಿಮ್ಮ ಆತುರ ನನಗೆ ಅರ್ಥವಾಗುತ್ತದೆ. ಆದರೆ ನೆಲದಡಿ ತೈಲ ಕೆರೆಯ ಹಾಗೆ ನಿಂತಿರುವುದಿಲ್ಲ. ಒದ್ದೆ ಇಟ್ಟಿಗೆಯಲ್ಲಿ ನೀರು ಇರುವ ಹಾಗೆ ಮರಳುಗಲ್ಲು, ಸುಣ್ಣಗಲ್ಲುಗಳ ಸಣ್ಣ ಸಣ್ಣ ರಂಧ್ರಗಳಲ್ಲಿ ಇರುತ್ತದೆ. ಹಳೆಯ ಕಡಲ ಕೆಸರು ಆಳದಲ್ಲಿ ಹೂತು, ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಲಕ್ಷಾಂತರ ವರ್ಷ ಬೆಂದರೆ ತೈಲ ಹುಟ್ಟುತ್ತದೆ. ಬಿಸಿ ಜಾಸ್ತಿಯಾದರೆ ಅನಿಲವಾಗಿಬಿಡುತ್ತದೆ. ಹುಟ್ಟಿದ ತೈಲ ನೀರಿಗಿಂತ ಹಗುರ, ಮೇಲಕ್ಕೆ ಏರುತ್ತದೆ. ದಾರಿಯಲ್ಲಿ ಬಿಗಿಯಾದ ಕಲ್ಲಿನ ಮುಚ್ಚಳ ಇಲ್ಲದಿದ್ದರೆ ಸೋರಿಯೇ ಹೋಗುತ್ತದೆ. ಇದರಲ್ಲಿ ಒಂದು ತಪ್ಪಿದರೂ ಬಾವಿ ಬರಿದು.

ಮುಂಬೈ ಹೈ ತೈಲಕ್ಷೇತ್ರ ನೋಡಿ. ದಡದಿಂದ ಸುಮಾರು 160 ಕಿ.ಮೀ. ದೂರದ ಸಮುದ್ರ. 1960ರ ದಶಕದಲ್ಲಿ ಹಡಗಿನಿಂದ ಕಂಪನ ಕಳಿಸಿ, ತಳದ ಪದರಗಳಿಂದ ಮರಳಿದ ಪ್ರತಿಧ್ವನಿ ಓದಿ, ಮೇಲೇರುವ ತೈಲ ಸಿಕ್ಕಿಕೊಳ್ಳಬಹುದಾದ ದೊಡ್ಡ ಉಬ್ಬೊಂದು ಅಲ್ಲಿದೆ ಎಂದು ಗುರುತಿಸಿದರು. 1974ರಲ್ಲಿ 'ಸಾಗರ್ ಸಮ್ರಾಟ್' ಎಂಬ ಸಮುದ್ರದಲ್ಲಿ ಕೊರೆಯುವ ರಿಗ್ ಅಲ್ಲಿಯೇ ಕೊರೆದು ತೈಲ ಕಂಡಿತು. ಸುಮ್ನೆ ಕೊರೆದು ಸಿಗುವ ಜಾಗ ಅಲ್ಲ ಅದು, ಅಲ್ವಾ?

ಕೊರೆಯುವಾಗಲೂ ಕೆಲಸ ನಿಲ್ಲುವುದಿಲ್ಲ. ಕೊರೆಯಲೆಂದು ಬಾವಿಗೆ ಹರಿಸುವ ಕೆಸರಿನ ಜೊತೆ ಆಳದಿಂದ ಕಲ್ಲಿನ ಚೂರುಗಳು ಬರುತ್ತವೆ. ಹಗಲಿರಲಿ, ರಾತ್ರಿಯಿರಲಿ, ಅವನ್ನು ಜರಡಿಯಲ್ಲಿ ತೊಳೆದು ನೇರಳಾತೀತ ದೀಪದಡಿ ಹಿಡಿಯುತ್ತಾರೆ. ತೈಲವಿದ್ದ ಚೂರು ಹಳದಿಯಾಗಿಯೋ ನೀಲಿ ಬಿಳುಪಾಗಿಯೋ ಹೊಳೆಯುತ್ತದೆ.

ಭೂವಿಜ್ಞಾನಿಗಳ ಲೆಕ್ಕ ತಪ್ಪುವುದೂ ಉಂಟು. 1958ರಲ್ಲಿ ನಾರ್ವೆಯ ಭೂಸರ್ವೇಕ್ಷಣಾ ಸಂಸ್ಥೆಯೇ ತಮ್ಮ ಕರಾವಳಿಯಲ್ಲಿ ತೈಲ ಸಿಗುವ ಮಾತಿಲ್ಲ ಎಂದು ಬರೆದಿತ್ತು. 1969ರಲ್ಲಿ ಅದೇ ನಾರ್ವೆಯ ಪಾಲಿನ ಉತ್ತರ ಸಮುದ್ರದಲ್ಲಿ ಎಕೋಫಿಸ್ಕ್ ಎಂಬ ದೊಡ್ಡ ತೈಲಕ್ಷೇತ್ರ ಸಿಕ್ಕಿತು, ಅದೂ ಹಲವು ಬರಿದು ಬಾವಿಗಳ ನಂತರ. ಬರಿದು ಬಾವಿಯ ಕಲ್ಲೂ ಮುಂದಿನ ಬಾವಿಗೆ ಪಾಠ.

ಇಲ್ಲದ ಕಡೆ ತೈಲ ತರಿಸಲು ಭೂವಿಜ್ಞಾನಕ್ಕೆ ಆಗುವುದಿಲ್ಲ. ಆಮದು ನಿಂತೇ ಹೋಗುತ್ತದೆ ಎಂದು ನಾನು ಹೇಳಲಾರೆ. ನನಗೆ ಆಸೆ ಇರುವುದು ಹಳೆಯ ಕ್ಷೇತ್ರಗಳ ಮೇಲೆ. ಇರುವ ತೈಲದಲ್ಲಿ ಸಾಮಾನ್ಯವಾಗಿ ಮೂರನೇ ಒಂದು ಪಾಲು ಮಾತ್ರ ಮೇಲೆ ಬರುತ್ತದೆ, ಉಳಿದದ್ದು ಕಲ್ಲಿನಲ್ಲೇ. ಎರಡು ಬಾವಿಗಳ ನಡುವೆ ಪದರ ಮುರಿದು ಜಾರಿದ್ದರೆ, ಎಷ್ಟು ನೀರು ತುಂಬಿ ತಳ್ಳಿದರೂ ಆಚೆ ಬದಿಯ ತೈಲ ಕದಲದೇ ಇರಬಹುದು. ಆ ಮುರಿತ ಎಲ್ಲಿದೆ ಎಂದು ತಿಳಿದರೆ ಹೊಸ ಬಾವಿಯನ್ನು ಅದರ ಆಚೆಗೇ ಇಳಿಸಬಹುದು.