ಖಾಸಗಿ ದಾರಿಯನ್ನು ಪಂಚಾಯತ್ ರಸ್ತೆ ಮಾಡಿಸುವುದು ಹೇಗೆ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಐದು ಮನೆಗೆ ಹೋಗುವ ಮಣ್ಣಿನ ದಾರಿ, ಜಾಗ ನಾಲ್ಕು ಜನರದ್ದು, ಪಂಚಾಯತ್ ಡಾಮರು ಹಾಕುತ್ತಾ ಅಂತ ಕೇಳಿದ್ದೀರಿ. ಜಾಗ ಖಾಸಗಿಯಾಗಿರುವವರೆಗೆ ಕಷ್ಟ. ಮೊದಲು ಅದು ಪಂಚಾಯತಿನದ್ದಾಗಬೇಕು.

ನಿಜವಾದ ಕೆಲಸ ಇರುವುದು ಒಪ್ಪಿಗೆಯಲ್ಲಿ. ದಾರಿ ಹಾದುಹೋಗುವ ಪ್ರತಿಯೊಬ್ಬ ಜಾಗದವರೂ ಸರ್ವೆ ನಂಬರ್, ಉದ್ದ, ಅಗಲ ಬರೆದು ಸಹಿ ಹಾಕಿ ಬಿಟ್ಟುಕೊಡಬೇಕು. ಸಾಮಾನ್ಯವಾಗಿ ಇದಕ್ಕೆ ದುಡ್ಡು ಸಿಗುವುದಿಲ್ಲ. ಜಾಗ ಅಣ್ಣತಮ್ಮಂದಿರ ಜಂಟಿ ಹೆಸರಲ್ಲಿದ್ದರೆ ಎಲ್ಲರ ಸಹಿಯೂ ಬೇಕು. ಗಲ್ಫ್‌ನಲ್ಲಿರುವ ಒಬ್ಬ ತಮ್ಮನಿಂದಲೇ ಎಷ್ಟೋ ದಾರಿ ಅಲ್ಲೇ ನಿಂತಿವೆ, ಅಲ್ವಾ?

ಆಮೇಲೆ ವಾರ್ಡ್ ಮೆಂಬರ್ ಮೂಲಕ ಅರ್ಜಿ. ಕನ್ನಡದಲ್ಲೇ ಬರೆಯಿರಿ, 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಆ ಹಕ್ಕು ಕೊಟ್ಟಿದೆ. ಆಡಳಿತ ಸಮಿತಿ ನಿರ್ಣಯ ಮಾಡಿ ದಾರಿಯನ್ನು ಆಸ್ತಿ ರಿಜಿಸ್ಟರಿಗೆ ಸೇರಿಸಬೇಕು. ಸಾರ್ವಜನಿಕ ರಸ್ತೆ ಪಂಚಾಯತಿಗೆ ಸೇರುವ ವಿಷಯ 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆಯ 169ನೇ ಸೆಕ್ಷನ್‌ನಲ್ಲಿದೆ. ರಿಜಿಸ್ಟರಿನ ಪ್ರತಿ ಕೇಳಿ ಇಟ್ಟುಕೊಳ್ಳಿ. ಮೆಂಬರ್ ಬಾಯಿಮಾತಲ್ಲಿ "ಆಯ್ತು" ಅಂದರೆ ಸಾಲದು.

ಡಾಮರಿಗೆ ಗ್ರಾಮಸಭೆಯಲ್ಲಿ ಬೇರೆಯೇ ಬೇಡಿಕೆ ಇಡಬೇಕು. ಇನ್ನೊಂದು, ಬಿಟ್ಟುಕೊಟ್ಟ ಮೇಲೆ ಆ ದಾರಿಗೆ ಗೇಟು ಹಾಕುವ ಹಾಗಿಲ್ಲ.