ಪುಟ ನೆನಪಿದೆ, ಅರ್ಥ ನೆನಪಿಲ್ಲ

ನಾನು ಆಪ್ತಸಲಹೆಗಾರ್ತಿ. ಇಂಥ ಪ್ರಕರಣ ನನ್ನ ಬಳಿ ಮತ್ತೆ ಮತ್ತೆ ಬರುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಹುಡುಗಿ ಜಿಆರ್‌ಇಗೆ, ಅಂದರೆ ವಿದೇಶದಲ್ಲಿ ಸ್ನಾತಕೋತ್ತರ ಓದಲು ಬರೆಯುವ ಪರೀಕ್ಷೆಗೆ ಓದುತ್ತಿದ್ದಳು. ದಿನಕ್ಕೆ 50 ಕಠಿಣ ಇಂಗ್ಲಿಷ್ ಪದ ಬಾಯಿಪಾಠ. ನಿದ್ದೆ ಕೆಟ್ಟಿತ್ತು. "ನನ್ನ ತಲೆಯೇ ಸರಿಯಿಲ್ಲ ಮೇಡಂ" ಅಂತ ತಾನೇ ತೀರ್ಮಾನ ಮಾಡಿಕೊಂಡಿದ್ದಳು.

ಎರಡನೇ ಭೇಟಿಗೆ ಪದಗಳ ನೋಟ್‌ಬುಕ್ ತರಲು ಹೇಳಿದ್ದೆ. ಎಡಕ್ಕೆ ಪದ, ಬಲಕ್ಕೆ ಅರ್ಥ. ಕಷ್ಟದ ಪದಗಳ ಕೆಳಗೆ ಹಳದಿ ಗೆರೆ. ಒಂದು ಪುಟ ತೆಗೆದು ಅರ್ಥಗಳನ್ನು ಕೈಯಿಂದ ಮುಚ್ಚಿದೆ. ಮೇಲಿಂದ ಕೆಳಗಿನವರೆಗೆ ಗಡಗಡ ಒಪ್ಪಿಸಿದಳು. ಒಂದೂ ತಪ್ಪಲಿಲ್ಲ. ಆಮೇಲೆ ನೋಟ್‌ಬುಕ್ ಮುಚ್ಚಿ, ಅದೇ ಪುಟದ 'ಮಿಟಿಗೇಟ್' ಅಂದರೇನು ಅಂತ ಕೇಳಿದೆ. 'ತೀವ್ರತೆ ತಗ್ಗಿಸು' ಅನ್ನುವ ಉತ್ತರ ಬರಲಿಲ್ಲ. ಕಣ್ಣು ತುಂಬಿ ಬಂತು.

"ಅದು ಕೊನೆಯಿಂದ ಎರಡನೇದು ಮೇಡಂ. ಹಳದಿ ಗೆರೆ ಹಾಕಿದೀನಿ. ಅರ್ಥ ಮಾತ್ರ ಬರ್ತಿಲ್ಲ."

ಪದ ಎಲ್ಲಿದೆ, ಗೆರೆ ಯಾವ ಬಣ್ಣದ್ದು, ಎಲ್ಲ ನೆನಪಿದೆ! ಇಂಥ ತಲೆಗೆ ಏನಾಗಿದೆ? ನೀನು ಇಷ್ಟು ದಿನ ಪಟ್ಟಿಯ ಸಾಲುಗಳನ್ನು ಕಲಿತಿದ್ದೀಯ, ಅವು ಚೆನ್ನಾಗಿಯೇ ಬಂದಿವೆ ಅಂದೆ.

ದಿನಕ್ಕೆ ಎಂಟು-ಹತ್ತು ಪದ ಸಾಕು ಅಂದೆ. ಓದುವ ಲೇಖನದಿಂದಲೇ ಆರಿಸಿ, ಆ ವಾಕ್ಯದ ಸಮೇತ ಚೀಟಿಯಲ್ಲಿ ಬರೆದುಕೊಳ್ಳಬೇಕು. 'ಮಿಟಿಗೇಟ್' ಜೊತೆ ರಿಸ್ಕ್, ಡ್ಯಾಮೇಜ್ ಥರದ ಪದಗಳೇ ಜಾಸ್ತಿ ಬರುತ್ತವೆ. ಆ ಜೋಡಿ ಗೊತ್ತಿದ್ದರೆ ಬಳಸಲು ಧೈರ್ಯ ಬರುತ್ತದೆ. ಚೀಟಿಗಳನ್ನು ಕಲಸಿ, ಅರ್ಥ ನೋಡದೆ ನೆನಪಿಸಿಕೊಳ್ಳಬೇಕು. ಮಾರನೇ ದಿನ ಒಮ್ಮೆ, ಮೂರು ದಿನ ಬಿಟ್ಟು, ವಾರ ಬಿಟ್ಟು. ಮರೆವು ಯಾರನ್ನೂ ಬಿಟ್ಟಿಲ್ಲ. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗಳನ್ನು ಬಾಯಿಪಾಠ ಮಾಡಿ, ಮೊದಲ ದಿನವೇ ಬಹುಪಾಲು ಜಾರಿಹೋಗುತ್ತದೆ ಅಂತ 1885ರಲ್ಲೇ ತೋರಿಸಿದ್ದ. ಜಿಆರ್‌ಇ ಕೂಡ ಬಿಡಿ ಪದ ಕೊಟ್ಟು ವಿರುದ್ಧ ಪದ ಕೇಳುವ ಪ್ರಶ್ನೆಗಳನ್ನು 2011ರಲ್ಲಿ ಕೈಬಿಟ್ಟಿತು. ಈಗ ಪದ ಕೇಳುವುದು ವಾಕ್ಯದೊಳಗೇ. ಪಟ್ಟಿಗಳ ಭಯ ಮಾತ್ರ ಹಾಗೇ ಉಳಿದಿದೆ.

ಓದುವ ವಿಧಾನ ಹೇಳಿಕೊಡುವುದು ಟೀಚರ್ ಕೆಲಸ ಅಲ್ವಾ, ಆಪ್ತಸಲಹೆಗಾರರಿಗೆ ಅದೇಕೆ ಅಂತ ಕೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಮಾಧಾನ ಹೇಳಿ, ಉಸಿರಾಟದ ವ್ಯಾಯಾಮ ಕಲಿಸಿ ಸುಮ್ನೆ ಕಳಿಸಿದ್ದರೆ ರಾತ್ರಿ ಅದೇ ಪಟ್ಟಿ, ಬೆಳಿಗ್ಗೆ ಅದೇ ಸೋಲು. ದಿನಾ ಸೋಲುವವರಿಗೆ 'ನಿನ್ನ ಮೇಲೆ ನಂಬಿಕೆ ಇಡು' ಅನ್ನುವುದು ಅನ್ಯಾಯ.

ಅವಳು ಈಗಲೂ ಪದ ಮರೆಯುತ್ತಾಳೆ. ಮರೆತ ಚೀಟಿಯನ್ನು ನಾಳೆಯ ಗುಂಪಿಗೆ ಹಾಕಿ ಮಲಗುತ್ತಾಳೆ. ವಿಧಾನ ಬದಲಿಸಿ ಕೆಲವು ವಾರ ಕಳೆದರೂ ನಿದ್ದೆ ಬಾರದವರು ಪದಗಳನ್ನು ಪಕ್ಕಕ್ಕಿಟ್ಟು ಬನ್ನಿ. ಆಗ ನಾವು ಮಾತಾಡಬೇಕಾದ್ದು ಬೇರೆಯೇ ಇರುತ್ತದೆ.