ಸಂತೆಯ ಮಂಡಿನೋವಿನ ಎಣ್ಣೆ ನಿಜವಾಗಿ ಕೆಲಸ ಮಾಡುತ್ತಾ?

ನಿಮ್ಮ ಪ್ರಶ್ನೆ ಇಷ್ಟು. ಮಾವನವರಿಗೆ ಮಂಡಿನೋವು. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಕೊಂಡ ಎಣ್ಣೆ ಹಚ್ಚಿದ ಕೂಡಲೇ ಬಿಸಿಯಾಗುತ್ತದೆ, ನೋವೂ ಇಳಿಯುತ್ತದೆ. ಹಾಗಿದ್ದ ಮೇಲೆ ಅದನ್ನು ಮೋಸ ಅನ್ನೋದು ಹೇಗೆ? ಇಂಥ ವ್ಯಾಪಾರ ಯಾವ ಕಾಲದಿಂದ ನಡೆಯುತ್ತಿದೆ? ನಾನು ಇದೇ ಊರಿನಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡಿದ್ದೇನೆ. ಡಾಕ್ಟರ್ ಅಲ್ಲ. ಆದರೆ ಈ ಬಾಟಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಕೌಂಟರಿಗೆ ಬರುವವರು ಬಹಳ ಜನ.

ಮೊದಲು ಎಣ್ಣೆಯ ವಿಷಯ. ಬಿಸಿಯಾಗೋದು ಸುಳ್ಳಲ್ಲ. ಮೆಣಸಿನ ಖಾರ, ಕರ್ಪೂರ, ಟರ್ಪೆಂಟೈನ್, ಇವುಗಳಲ್ಲಿ ಯಾವುದನ್ನು ತಿಕ್ಕಿದರೂ ಚರ್ಮ ಚುರುಗುಟ್ಟುತ್ತದೆ. ಆ ಉರಿಯಲ್ಲಿ ಒಳಗಿನ ನೋವು ಸ್ವಲ್ಪ ಹೊತ್ತು ಮರೆಯುತ್ತದೆ. ಖಾರದ ಅಂಶ ಇರುವ ಮುಲಾಮು ನನ್ನ ಅಂಗಡಿಯಲ್ಲೂ ಇದೆ. ಟ್ಯೂಬಿನ ಮೇಲೆ ಏನು, ಎಷ್ಟು ಅಂತ ಬರೆದಿರುತ್ತದೆ, ಅಷ್ಟೇ ವ್ಯತ್ಯಾಸ. ಎರಡರಲ್ಲಿ ಯಾವುದನ್ನು ಹಚ್ಚಿದರೂ ಸವೆದ ಮಂಡಿ ಸವೆದ ಹಾಗೇ ಇರುತ್ತದೆ.

ನಿಮ್ಮ ಮಾವನವರ ಎಣ್ಣೆಗೆ ಅಮೆರಿಕದಲ್ಲಿ ಒಬ್ಬ ಅಣ್ಣ ಇದ್ದ ಅನ್ನಬಹುದು. ಕ್ಲಾರ್ಕ್ ಸ್ಟಾನ್ಲಿ ಅನ್ನುವ ವ್ಯಾಪಾರಿ ಹಾವಿನ ಎಣ್ಣೆ ಮಾರುತ್ತಿದ್ದ. ಹೋಪಿ ಬುಡಕಟ್ಟಿನ ವೈದ್ಯರಿಂದ ಗುಟ್ಟು ಕಲಿತೆ ಅಂತ ಹೇಳಿಕೊಂಡಿದ್ದ. 1893ರಲ್ಲಿ ಶಿಕಾಗೋದಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದಲ್ಲಿ ಜನರ ಎದುರಿಗೇ ಹಾವನ್ನು ಸೀಳಿ, ಕುದಿಯುವ ನೀರಿಗೆ ಹಾಕಿ, ತೇಲಿದ ಕೊಬ್ಬನ್ನು ತೆಗೆದು ತೋರಿಸುತ್ತಿದ್ದನಂತೆ. ಕೊನೆಗೆ ಸರ್ಕಾರದವರು ಬಾಟಲಿಯನ್ನೇ ಪರೀಕ್ಷೆ ಮಾಡಿದರು. ಇದ್ದದ್ದು ಖನಿಜ ತೈಲ, ನೂರಕ್ಕೆ ಒಂದು ಪಾಲಿನಷ್ಟು ಕೊಬ್ಬು, ಅದೂ ಬಹುಶಃ ದನದ್ದು, ಜೊತೆಗೆ ಕೆಂಪು ಮೆಣಸು. ಕರ್ಪೂರ, ಟರ್ಪೆಂಟೈನ್ ವಾಸನೆಗೆ ಅನ್ನುವಷ್ಟು. ಹಾವಿನದು ಏನೂ ಇರಲಿಲ್ಲ. 1916ರಲ್ಲಿ ಅವನಿಗೆ ಬಿದ್ದ ದಂಡ 20 ಡಾಲರ್!

ಗುಟ್ಟು ಕಾಡಿನವರಿಂದ ಬಂತು ಅನ್ನುವ ಮಾತು ನಮ್ಮ ಸಂತೆಯಲ್ಲೂ ಇದೆ. ಬ್ರಹ್ಮಗಿರಿಯ ಬೇರು, ಜೇನುಕುರುಬರ ಮದ್ದು ಅಂತೆಲ್ಲ ಮೈಕಿನಲ್ಲಿ ಕೂಗುತ್ತಾರೆ. ಆ ಮಾರಾಟದಿಂದ ಜೇನುಕುರುಬರು ವಾಸಿಸುವ ಯಾವ ಹಾಡಿಗೂ (ಕಾಡಿನ ಊರಿಗೂ) ಒಂದು ರೂಪಾಯಿ ಹೋದದ್ದು ನಾನಂತೂ ಕಂಡಿಲ್ಲ.

ಇನ್ನು "ನೋವು ಇಳಿಯಿತಲ್ಲ" ಅನ್ನುವ ಮಾತು. ಇದಕ್ಕೆ ಇನ್ನೂರು ವರ್ಷಕ್ಕೂ ಹಿಂದಿನ ಒಂದು ಕಥೆ ಇದೆ, ನನಗೆ ತುಂಬಾ ಇಷ್ಟವಾದದ್ದು. ಎಲಿಷಾ ಪರ್ಕಿನ್ಸ್ ಎಂಬ ಅಮೆರಿಕದ ವೈದ್ಯ 1796ರಲ್ಲಿ ಎರಡು ಲೋಹದ ಕಡ್ಡಿಗಳಿಗೆ ಪೇಟೆಂಟ್ ಪಡೆದ. ನೋವಿರುವ ಕಡೆ ಅವನ್ನು ಮೆಲ್ಲಗೆ ಎಳೆದರೆ ನೋವು ಹೊರಗೆ ಬರುತ್ತದೆ ಅನ್ನುವುದು ಅವನ ವಾದ. ಲಂಡನ್ನಿನಲ್ಲಿ ಒಂದು ಜೋಡಿಗೆ ಐದು ಗಿನಿ (ಆಗಿನ ಇಂಗ್ಲೆಂಡಿನ ಚಿನ್ನದ ನಾಣ್ಯ). ದುಡ್ಡಿದ್ದವರು ಮುಗಿಬಿದ್ದು ಕೊಂಡರು. 1799ರಲ್ಲಿ ಇಂಗ್ಲೆಂಡಿನ ಬಾತ್ ಊರಿನ ಜಾನ್ ಹೇಗಾರ್ತ್ ಎಂಬ ಡಾಕ್ಟರ್ ಒಂದು ಉಪಾಯ ಮಾಡಿದ. ಮರದ ಕಡ್ಡಿಗೆ ಲೋಹದ ಬಣ್ಣ ಬಳಿದು ಸಂಧಿವಾತದ ಐದು ರೋಗಿಗಳ ಮೇಲೆ ಎಳೆದ. ನಾಲ್ವರು ನೋವು ಕಡಿಮೆಯಾಯಿತು ಅಂದರು. ಮಾರನೇ ದಿನ ಅಸಲಿ ಕಡ್ಡಿ ತಂದ. ಫಲ ಹೆಚ್ಚುಕಡಿಮೆ ಅಷ್ಟೇ. ಅವರು ಯಾರೂ ಸುಳ್ಳು ಹೇಳಲಿಲ್ಲ, ಅವರಿಗೆ ನಿಜವಾಗಿ ಹಾಯೆನಿಸಿತ್ತು. ಹಾಯೆನಿಸಿದ್ದಕ್ಕೆ ಕಡ್ಡಿ ಕಾರಣ ಅಲ್ಲ, ಅಷ್ಟೇ.

ಪಾಪ, ಪರ್ಕಿನ್ಸ್‌ಗೆ ತನ್ನ ಮದ್ದಿನ ಮೇಲೆ ಪೂರ್ತಿ ನಂಬಿಕೆ ಇತ್ತು ಅಂತ ಕಾಣುತ್ತದೆ. ಅದೇ 1799ರಲ್ಲಿ ನ್ಯೂಯಾರ್ಕಿಗೆ ಹಳದಿ ಜ್ವರ ಬಂದಾಗ, ತಾನೇ ಕಂಡುಹಿಡಿದ ಇನ್ನೊಂದು ಔಷಧಿ ಹಿಡಿದುಕೊಂಡು ರೋಗಿಗಳ ನಡುವೆ ಹೋದ. ಅದೇ ಜ್ವರದಲ್ಲಿ ತೀರಿಕೊಂಡ. ಹಾಗಾಗಿ ನಕಲಿ ಮದ್ದು ಕೊಡುವವರೆಲ್ಲ ಗೊತ್ತಿದ್ದೇ ವಂಚಿಸುವವರು ಅಂತ ನಾನು ಹೇಳೋದಿಲ್ಲ.

ಗೊತ್ತಿದ್ದೇ ಮಾಡುವವರೂ ಇದ್ದಾರೆ. ಹಲ್ಲಿನ ಹುಳ ತೆಗೆಯುವವರನ್ನು ನೋಡಿದ್ದೀರಾ? ಕೆಂಡದ ಮೇಲೆ ಒಂದು ಚಿಟಿಕೆ ಬೀಜ ಹಾಕಿ, ಹೊಗೆಯನ್ನು ಕೊಳವೆಯಿಂದ ಬಾಯಿಗೆ ಬಿಡುತ್ತಾರೆ. ಆಮೇಲೆ ತಟ್ಟೆಯ ನೀರಿನಲ್ಲಿ ಬೆಳ್ಳಗೆ, ಸಣ್ಣಗೆ, ಸುರುಳಿ ಸುತ್ತಿದ ಏನೋ ತೇಲುತ್ತದೆ. "ನೋಡಿ, ಹುಳ ಬಿತ್ತು." ಅದು ಹುಳ ಅಲ್ಲ, ಬಿಸಿಗೆ ಸಿಡಿದ ಬೀಜದ ಒಳಗಿನ ಮೊಳಕೆ. ಹಲ್ಲಿಲ್ಲದವರ ಬಾಯಿಗೆ ಹೊಗೆ ಬಿಟ್ಟರೂ ಅಷ್ಟೇ ಹುಳ ಬೀಳುತ್ತವೆ. ಹಲ್ಲಿನಲ್ಲಿ ಹುಳ ಇದೆ ಅನ್ನುವ ನಂಬಿಕೆ ಮೆಸೊಪೊಟೇಮಿಯದ ಮಣ್ಣಿನ ಫಲಕಗಳಷ್ಟು ಹಳೆಯದು. ಫ್ರಾನ್ಸಿನ ದಂತವೈದ್ಯ ಪಿಯೇರ್ ಫೋಷಾರ್ 1728ರಲ್ಲೇ, ಸೂಕ್ಷ್ಮದರ್ಶಕದಲ್ಲಿ ಹುಡುಕಿದೆ, ಹುಳ ಕಾಣಲಿಲ್ಲ ಅಂತ ಬರೆದ. ನಮ್ಮಲ್ಲಿ ಇವತ್ತಿಗೂ "ಹುಳುಕು ಹಲ್ಲು" ಅಂತಲೇ ತೋರಿಸಲು ಬರುತ್ತಾರೆ, ಅದು ಬೇರೆ ಮಾತು.

ಜನ ಮರುಳಾಗೋದು ಯಾಕೆ ಅಂತ ಕೇಳಿದರೆ ನನ್ನ ಉತ್ತರ ಇದೇ. ಕಣ್ಣಿಗೆ ಏನೋ ಕಂಡಿತು, ಮೈಗೆ ಏನೋ ಆಯಿತು. ಅಷ್ಟು ಆದ ಮೇಲೆ ಕಾಯಿಲೆ ಹೋಯಿತಾ ಅಂತ ಯಾರೂ ಮತ್ತೆ ಅಳೆದು ನೋಡೋದಿಲ್ಲ. ಕಾಲಿಗೆ ಅಂಟಿಸಿ ಮಲಗಿದರೆ ಬೆಳಿಗ್ಗೆ ಕಪ್ಪಾಗುವ ಡಿಟಾಕ್ಸ್ ಪಟ್ಟಿಗಳೂ ಹೀಗೇ. ಬೆವರು ತಾಗಿ ಅದರಲ್ಲಿನ ಪುಡಿಗೆ ಬಣ್ಣ ಬರುತ್ತದೆ. ಅದನ್ನು ವಿಷ ಹೊರಬಂತು ಅಂತ ಮಾರುತ್ತಾರೆ.

ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ ಬರುವ ನಮ್ಮ ಕಕ್ಕಡ ಹದಿನೆಂಟನ್ನೇ ನೋಡಿ. ಆಗಸ್ಟ್ 3ರಂದು ಮದ್ದು ಸೊಪ್ಪು ಬೇಯಿಸಿ, ಆ ಗಾಢ ನೇರಳೆ ರಸದಲ್ಲಿ ಪಾಯಸ ಮಾಡಿ, ಎಲ್ಲರೂ ತಿನ್ನುತ್ತೇವೆ. ಹದಿನೆಂಟು ಬಗೆಯ ಮದ್ದು ಅದರಲ್ಲಿ ಸೇರಿರುತ್ತದೆ ಅನ್ನುವುದು ಹಿರಿಯರ ನಂಬಿಕೆ. ಮಾರನೇ ದಿನ ಮೂತ್ರ ಕೆಂಪಗೆ ಹೋಗುತ್ತದೆ. ಕೊಡಗಿನ ಮಕ್ಕಳಿಗೆ ಅದು ತಮಾಷೆ, ಹೊರಗಿನಿಂದ ಬಂದ ಸೊಸೆ ಅಳಿಯಂದಿರಿಗೆ ಗಾಬರಿ. ಸೊಪ್ಪಿನ ಬಣ್ಣ ಹೊರಗೆ ಹೋಗುತ್ತಿದೆ, ಅಷ್ಟೇ. ಇದೇ ಸೊಪ್ಪಿನ ರಸವನ್ನು ಯಾರಾದರೂ ಬಾಟಲಿಗೆ ತುಂಬಿ "ರಕ್ತ ಶುದ್ಧಿ, ಒಂದೇ ರಾತ್ರಿಯಲ್ಲಿ ಕಣ್ಣಾರೆ ನೋಡಿ" ಅಂತ ದೂರದ ಊರಿನಲ್ಲಿ ಮಾರಲಿ, ಎಷ್ಟು ಮಾರಾಟವಾಗುತ್ತದೆ ಅಂತ ಯೋಚನೆ ಮಾಡಿ. ನಾವು ಅದನ್ನು ಹಬ್ಬದ ಹಾಗೆ ತಿನ್ನುತ್ತೇವೆ. ಯಾರೂ ಅದನ್ನು ನಂಬಿ ಬಿಪಿ ಮಾತ್ರೆ ನಿಲ್ಲಿಸೋದಿಲ್ಲ.

ಎಣ್ಣೆ, ಹೊಗೆ, ಪಟ್ಟಿ ಇವೆಲ್ಲ ದುಡ್ಡು ಕಳೆಯುವ ಮೋಸ. ನನಗೆ ಭಯ ಇರುವುದು ನಿಜವಾಗಿ ಕೆಲಸ ಮಾಡುವ ಗುಟ್ಟಿನ ಮದ್ದುಗಳ ಬಗ್ಗೆ. ಹತ್ತೊಂಬತ್ತನೇ ಶತಮಾನದಲ್ಲಿ ಮಿಸೆಸ್ ವಿನ್ಸ್ಲೋ ಸಿರಪ್ ಅಂತ ಒಂದಿತ್ತು. ಹಲ್ಲು ಬರುವಾಗ ಹಟ ಮಾಡುವ ಕೂಸುಗಳಿಗೆ ಕುಡಿಸುತ್ತಿದ್ದರು, ಕೂಸು ತಣ್ಣಗೆ ಮಲಗುತ್ತಿತ್ತು. ಅದರಲ್ಲಿದ್ದದ್ದು ಅಫೀಮಿನಿಂದ ತೆಗೆಯುವ ಮಾರ್ಫಿನ್. ಕೆಲವು ಕೂಸುಗಳು ಏಳಲೇ ಇಲ್ಲ. ಬಾಟಲಿಯ ಮೇಲೆ ಮಾರ್ಫಿನ್ ಅಂತ ಬರೆಯಲೇಬೇಕು ಅನ್ನುವ ಕಾನೂನು ಅಮೆರಿಕದಲ್ಲಿ ಬಂದದ್ದು 1906ರಲ್ಲಿ.

ಈಗ ನಮ್ಮ ಕಡೆಗೆ ಬನ್ನಿ. ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಹಿರಿಯರೊಬ್ಬರು ಒಂದು ದಿನ ಪೇಪರ್ ಪೊಟ್ಟಣ ತಂದು ಕೌಂಟರ್ ಮೇಲೆ ಇಟ್ಟರು. ಕಂದು ಬಣ್ಣದ ಪುಡಿ, ಶುಂಠಿ ವಾಸನೆ. ಹೆಸರಿಲ್ಲ, ವಿಳಾಸ ಇಲ್ಲ.

"ಮಗಾ, ಇದು ನಿನ್ನ ಹತ್ತಿರ ಸಿಗ್ತದಾ? ಕೊಡುವವ ಈ ಸಲ ಬಂದಿಲ್ಲ. ಮಂಡಿನೋವು ಪೂರಾ ಹೋಗಿತ್ತು. ಹಸಿವೂ ಜಾಸ್ತಿ. ಮುಖ ನೋಡು, ಎಷ್ಟು ತುಂಬಿಕೊಂಡಿದೆ!"

ಮುಖ ನೋಡಿಯೇ ನನಗೆ ಎದೆ ಧಸಕ್ಕೆಂದಿತು. ದುಂಡಗೆ ಊದಿದ ಕೆನ್ನೆ, ಸಣ್ಣ ಕೈಕಾಲು, ಮೊಣಕೈ ಕೆಳಗೆ ನೀಲಿ ಕಲೆಗಳು. ಇಂಥ ಪುಡಿಗಳಿಗೆ ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್ ಥರದ ಸ್ಟೀರಾಯ್ಡ್ ಮಾತ್ರೆ ಅರೆದು ಸೇರಿಸುವುದು ಹಳೆಯ ಚಾಳಿ. ನೋವು ಜಾದೂ ಥರ ಹೋಗುತ್ತದೆ. ಜೊತೆಗೆ ಮುಖ ಹೀಗೆ ಊದುತ್ತದೆ, ಸಕ್ಕರೆ, ಬಿಪಿ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ಬಹಳ ದಿನ ತಿಂದವರು ಥಟ್ಟನೆ ನಿಲ್ಲಿಸಿದರೆ ಇನ್ನೂ ಅಪಾಯ, ಯಾಕೆಂದರೆ ಅಷ್ಟರಲ್ಲಿ ಮೈ ತಾನೇ ಮಾಡಿಕೊಳ್ಳುತ್ತಿದ್ದ ಸ್ಟೀರಾಯ್ಡನ್ನು ನಿಲ್ಲಿಸಿಬಿಟ್ಟಿರುತ್ತದೆ. "ಮಾವಾ, ಇವತ್ತೇ ಡಾಕ್ಟರ್ ಹತ್ತಿರ ಹೋಗಿ, ಈ ಪೊಟ್ಟಣವನ್ನೂ ತೋರಿಸಿ" ಅಂದೆ. ಅವರಿಗೆ ನನ್ನ ಮೇಲೇ ಸಿಟ್ಟು ಬಂತು. ಅವರ ಮಗನಿಗೆ ಫೋನ್ ಮಾಡಿ ಕರೆಸಿ ಕಳಿಸಿದೆ.

ಕಾನೂನು ಇಲ್ಲ ಅಂದುಕೊಳ್ಳಬೇಡಿ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಮೂರ್ಛೆರೋಗ, ಬೊಜ್ಜು, ಎತ್ತರ ಬೆಳೆಯುವುದು ಹೀಗೆ ದೊಡ್ಡ ಪಟ್ಟಿಯನ್ನೇ ಕೊಟ್ಟು, ಇವನ್ನು ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡಬಾರದು ಅಂತ 1954ರಲ್ಲೇ ಕೇಂದ್ರದ ಕಾಯ್ದೆ ಬಂದಿದೆ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಜಾಹೀರಾತು ಅಂದರೆ ಬರೀ ಪೇಪರಿನದಲ್ಲ, ಬಾಯಲ್ಲಿ ಕೂಗಿದರೂ, ಬೆಳಕು, ಶಬ್ದ, ಹೊಗೆಯಿಂದ ತೋರಿಸಿದರೂ ಜಾಹೀರಾತೇ ಅಂತ ಅದರಲ್ಲಿದೆ. ಸಂತೆಯ ಮೈಕೂ ಸೇರಿತು. ಇಷ್ಟಿದ್ದೂ ಬಸ್‌ಸ್ಟ್ಯಾಂಡಿನ ಗೋಡೆ ನೋಡಿದರೆ ಗೊತ್ತಾಗುತ್ತದೆ, ಅಲ್ವಾ?

ನಿಮ್ಮ ಮಾವನವರಿಗೆ ಎಣ್ಣೆ ಹಿತ ಅನ್ನಿಸಿದರೆ ಹಚ್ಚಿಕೊಳ್ಳಲಿ, ಅದಕ್ಕೆ ಜಗಳ ಮಾಡಬೇಡಿ. ಗಾಯದ ಮೇಲೆ ಬೇಡ, ಹಚ್ಚಿದ ಕೈ ಕಣ್ಣಿಗೆ ತಾಗಿಸುವುದು ಬೇಡ, ಮೇಲೆ ಬಿಸಿನೀರಿನ ಚೀಲ ಇಡುವುದೂ ಬೇಡ. ಆದರೆ ಒಂದು ವಿಚಾರಿಸಿ. ಎಣ್ಣೆಯ ಜೊತೆ ಹೊಟ್ಟೆಗೆ ಅಂತ ಪುಡಿಯನ್ನೋ ಮಾತ್ರೆಯನ್ನೋ ಕೊಟ್ಟಿದ್ದಾರಾ? ಬಹಳ ಸಲ ಕೊಟ್ಟಿರುತ್ತಾರೆ, ಹಿರಿಯರು ಮನೆಯಲ್ಲಿ ಹೇಳಿರೋದಿಲ್ಲ. ಕೊಟ್ಟಿದ್ದರೆ ನೀವಾಗಿ ನಿಲ್ಲಿಸಲೂ ಬೇಡಿ, ಬಿಸಾಡಲೂ ಬೇಡಿ. ಪೊಟ್ಟಣ ಸಮೇತ ಡಾಕ್ಟರಿಗೆ ತೋರಿಸಿ, ಎಷ್ಟು ದಿನದಿಂದ ತಿನ್ನುತ್ತಿದ್ದಾರೆ ಅಂತ ಹೇಳಿ, ಸಕ್ಕರೆ ಮತ್ತು ಬಿಪಿ ಚೆಕ್ ಮಾಡಿಸಿ.